ಕೆಂಪಿಗೆ ಹೊಸ ಫ್ಯಾನು

ಮನೆಯಿಂದ,
ಗುರುವಾರ ಮಧ್ಯಾಹ್ನ, ಮಾರ್ಚ್ ೧೨

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಮಂಡಿನೋವು ಇಳಿದಿದೆಯೇ? ನಾದಿನಿಯ ಮನೆಯ ಮೆಟ್ಟಿಲು ಎಷ್ಟು ಕಡಿದು ಎಂಬುದು ನನಗೆ ಗೊತ್ತು, ಬಸುರಿಯಾಗಿದ್ದಾಗ ಅದನ್ನು ಹತ್ತಲು ಹೋಗಿ ಅರ್ಧದಲ್ಲೇ ಕೂತುಬಿಟ್ಟವಳು ನಾನು. ಮಗಳ ಮನೆಯಲ್ಲವೇ, ತೊಂದರೆ ಕೊಡಬಾರದು ಎಂದು ನೋವು ನುಂಗಿಕೊಂಡು ಓಡಾಡಬೇಡಿ. ಕೆಳಗಿನ ರೂಮಿನಲ್ಲೇ ಹಾಸಿಗೆ ಹಾಕಿಸಿಕೊಳ್ಳಿ. ಫೋನಿರುವಾಗ ಇವಳೇನು ಕಾಗದ ಬರೆಯಲು ಕೂತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು "ಆಯ್ತಮ್ಮ, ಎಲ್ಲಾ ಚೆನ್ನಾಗಿದೀವಿ, ಇಡ್ಲಾ" ಎಂದು ಇಟ್ಟುಬಿಡುತ್ತೀರಿ. ಮೊದಲೆಲ್ಲ "ಲೇ ಹುಡುಗಿ, ಏನೇ ಇವತ್ತು ನಿನ್ನ ಗೋಳು?" ಎಂದು ಶುರು ಮಾಡುತ್ತಿದ್ದವರು ಈಗ ಬ್ಯಾಂಕಿನವರ ಹತ್ತಿರ ಮಾತಾಡುವ ಹಾಗೆ "ಹೇಳಮ್ಮ" ಎನ್ನುತ್ತೀರಿ. ಆ "ಅಮ್ಮ" ಕೇಳಿದಾಗಲೆಲ್ಲ ನನಗೆ ಕಪಾಳಕ್ಕೆ ಬಿಟ್ಟಂತಾಗುತ್ತದೆ.

ನಿಮ್ಮ ಹಾರ್ನ್ ಚೆನ್ನಾಗಿದ್ದಾಳೆ. ಅಳು ಶುರುವಾದರೆ ಇಡೀ ಬೀದಿ ದಾರಿ ಬಿಡುತ್ತದೆ ಎಂದು ಮೊಮ್ಮಗಳಿಗೆ ನೀವು ಇಟ್ಟ ಹೆಸರನ್ನೇ ಈಗ ಅಕ್ಕಪಕ್ಕದವರೂ ಹಿಡಿದುಕೊಂಡಿದ್ದಾರೆ. ಕೆಳಗೆ ಎರಡು ಹಲ್ಲು ಬಂದಿವೆ. ಆ ಎರಡನ್ನೇ ಇಟ್ಟುಕೊಂಡು ನನ್ನ ಭುಜ, ಸೋಫಾದ ಅಂಚು, ನಿಮ್ಮ ಮಗನ ಚಪ್ಪಲಿ, ಎಲ್ಲದರ ರುಚಿಯನ್ನೂ ನೋಡಿಯಾಗಿದೆ. ನೀವು ಅವಳನ್ನು ಎತ್ತಿಕೊಂಡು ಬಾಯಲ್ಲೇ ಗೇರು ಬದಲಾಯಿಸುತ್ತಾ ಮನೆಯೆಲ್ಲ ಸುತ್ತುತ್ತಿದ್ದಿರಲ್ಲ, ಮೊದಲನೇ ಗೇರಿಗೆ ನಗುತ್ತಿದ್ದಳು, ಮೂರನೆಯದಕ್ಕೆ ಕಣ್ಣು ಮುಚ್ಚುತ್ತಿದ್ದಳು. ನಾನು ಎಷ್ಟು ಬುರ್ರ್ ಎಂದರೂ ಅವಳು ಮೊದಲನೇ ಗೇರು ಬಿಟ್ಟು ಕದಲುವುದಿಲ್ಲ. ನನ್ನ ನಿದ್ದೆಯ ಸುದ್ದಿ ಕೇಳಲೇಬೇಡಿ. ಮೊನ್ನೆ ಅವಳ ಕುಂಡಿಗೆ ಹಚ್ಚುವ ಮುಲಾಮನ್ನು ಬ್ರಷ್ಷಿಗೆ ಹಾಕಿಕೊಂಡು ಹಲ್ಲುಜ್ಜಿದೆ. ನೊರೆ ಬರದಿದ್ದಾಗಲೇ ಗೊತ್ತಾದದ್ದು. ನಗುವುದಾದರೆ ನಕ್ಕುಬಿಡಿ, ಈ ಕಾಗದದಲ್ಲಿ ಮುಂದೆ ನಗಲು ಹೆಚ್ಚೇನೂ ಇಲ್ಲ.

ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ಒಂದು ಮಾತೂ ಕೇಳದೆ ಕೆಂಪಿಗೆ ಹೊಸ ರೇಡಿಯೇಟರ್ ಹಾಕಿಸಿದ್ದೇನೆ. ಜೊತೆಗೆ ಹೊಸ ಎಲೆಕ್ಟ್ರಿಕ್ ಫ್ಯಾನು. ಡ್ರೈವಿಂಗ್ ಸ್ಕೂಲಿನಲ್ಲಿ ಊರಿನ ಅರ್ಧ ಹೆಂಗಸರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿ ನಿವೃತ್ತಿಯಾದ ಮೇಲೆ ನೀವು ನಿಮಗೇ ಎಂದು ತೆಗೆದುಕೊಂಡ ಒಂದೇ ಒಂದು ವಸ್ತು ಆ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು. ಅದನ್ನು ಮಾರಿಬಿಡು ಎಂದು ನಿಮ್ಮ ಮಗನಿಗೆ ಹೇಳಿದ್ದೀರಿ. ಹಿಂದಿನ ಬೀದಿಯ ಹಲ್ಲಿನ ಡಾಕ್ಟರು ಭಾನುವಾರ ಬಂದು ಒಯ್ಯುತ್ತಾರಂತೆ. ನಾಳೆ ಬೆಳಿಗ್ಗೆ ಇವರು ಅಲ್ಲಿಗೆ ಬರುವಾಗ ನಿಮ್ಮ ಸಹಿಗೆ ಮಾರಾಟದ ಕಾಗದ ತರುತ್ತಾರೆ. ಅದರ ಜೊತೆಯಲ್ಲೇ ಇದನ್ನೂ ಕೊಟ್ಟು ಕಳಿಸುತ್ತಿದ್ದೇನೆ. ದಯವಿಟ್ಟು ಮೊದಲು ಇದನ್ನು ಓದಿ, ಪೆನ್ನು ಆಮೇಲೆ ಹಿಡಿಯಿರಿ.

ಆ ದಿನದ್ದು ನಿಮಗೆ ಗೊತ್ತಿರುವುದೇ, ಆದರೂ ಬರೆಯದೆ ಮುಂದಕ್ಕೆ ಹೋಗಲಾರೆ. ಮಗುವಿಗೆ ಲಸಿಕೆ ಹಾಕಿಸಿಕೊಂಡು ಬರುತ್ತಿದ್ದೆವು. ಆಸ್ಪತ್ರೆಯ ತಿರುವಿನ ಸಿಗ್ನಲ್ಲಿನಲ್ಲಿ ಹಿಂದೆ ಮುಂದೆ ಗಾಡಿಗಳು ಕಚ್ಚಿಕೊಂಡು ನಿಂತಿದ್ದವು. ಕೆಂಪಿಯ ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಏರಿ ಕೆಂಪು ಗೆರೆಗೆ ಹೋಗಿ ಕೂತಿತು, ಬಾನೆಟ್ಟಿನ ಸಂದಿನಿಂದ ಬುಸ್ಸೆಂದು ಹಬೆ ಎದ್ದಿತು. ನೀವು ಇಂಜಿನ್ ಆಫ್ ಮಾಡಿ "ಏನಿಲ್ಲ ಕಣೇ, ಕುದೀತಾ ಇದೆ ಅಷ್ಟೇ, ಇಳಿ" ಎಂದಿರಿ. ನನಗೆ ಆ ಹಬೆಯೆಲ್ಲ ಹೊಗೆಯಾಗಿ ಕಂಡಿತು. ಮಗುವನ್ನು ಅವುಚಿಕೊಂಡು ಫುಟ್‌ಪಾತಿಗೆ ಓಡಿದವಳು ಅಲ್ಲಿಂದಲೇ ನಿಮ್ಮ ಮೇಲೆ ಕಿರುಚಿದೆ. "ನಿಮಗೆ ವಯಸ್ಸಾಯ್ತು ಅತ್ತೆ, ಏನೂ ನೆನಪಿರಲ್ಲ, ಒಪ್ಕೊಳ್ಳಿ! ನೀರು ಹಾಕೋದು ಮರೆತು ನನ್ನ ಮಗೂನ ಸುಡ್ತಿದ್ರಲ್ಲ!" ಎಂದೆ. ನಿಮ್ಮ ಹಳೇ ಶಿಷ್ಯೆ ಒಬ್ಬಾಕೆ ಸ್ಕೂಟರ್ ನಿಲ್ಲಿಸಿ "ಟೀಚರ್, ಏನಾಯ್ತು, ತಳ್ಬೇಕಾ?" ಎಂದು ಓಡಿ ಬರುತ್ತಿದ್ದವಳು ನನ್ನ ಮಾತು ಕೇಳಿ ಅಲ್ಲೇ ನಿಂತುಬಿಟ್ಟಳು. ನೀವು ನನಗೆ ತಿರುಗಿ ಬೈಯಲಿಲ್ಲ. ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಹಬೆ ಕಾರುತ್ತಿದ್ದ ಬಾನೆಟ್ಟನ್ನೇ ನೋಡುತ್ತಾ, "ನೀರು ನೋಡಿದ್ದೆ ಅನ್ಸುತ್ತೆ ಕಣೇ. ನೋಡಿದ್ನಲ್ವಾ?" ಎಂದು ಕೇಳಿದಿರಿ. ನಾನು ಮಗುವಿನ ಟೋಪಿ ಸರಿ ಮಾಡುತ್ತಾ ನಿಂತೆ. ಆಮೇಲೆ ಇವರು ಬಂದು, ಗಾಡಿ ಆರಿದ ಮೇಲೆ ಮುಚ್ಚಳ ತೆಗೆದು, "ಒಳಗೆ ತೊಟ್ಟು ನೀರಿಲ್ಲ ಅಮ್ಮ" ಎಂದರು. ಅಲ್ಲಿಗೆ ಎಲ್ಲರೂ ತೀರ್ಪು ಕೊಟ್ಟಾಯಿತು. ನೀವೂ ಅದನ್ನು ಒಪ್ಪಿಕೊಂಡಿರಿ. ಕೀಗೊಂಚಲನ್ನು ಊಟದ ಮೇಜಿನ ಮೇಲಿಟ್ಟು, ಮರುದಿನ ಮಗಳ ಮನೆಗೆ ಹೊರಟುಬಿಟ್ಟಿರಿ.

ಹೋದ ವಾರ ನಾದಿನಿ ಫೋನು ಮಾಡಿದ್ದಳು. "ಅತ್ತಿಗೆ, ಅಮ್ಮ ಬಾಗ್ಲು ಹಾಕ್ತಾರೆ, ಮತ್ತೆ ಹೋಗಿ ಎಳೆದು ನೋಡ್ತಾರೆ, ಮತ್ತೆ ನೋಡ್ತಾರೆ. ಗ್ಯಾಸ್ ಆಫ್ ಮಾಡಿದ್ನೇನೇ ಅಂತ ನನ್ನನ್ನೇ ಕೇಳ್ತಾರೆ. ಮರೆವಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು ಅಂತ ಅವರೇ ಹೇಳಿದ್ರು, ನಂಗೆ ಭಯ ಆಗ್ತಿದೆ" ಎಂದು ಅತ್ತಳು. ನಾನು ಫೋನ್ ಹಿಡಿದುಕೊಂಡು "ಹೌದಾ" ಎಂದೆ. ಅಷ್ಟೇ ಅಂದದ್ದು. ಊರಿನ ಪ್ರತಿ ಗಲ್ಲಿಯ ತಿರುವೂ ಬಾಯಿಪಾಠ ಇದ್ದವರು, "ಕ್ಲಚ್ಚು ಅಂದ್ರೆ ಗಂಡನ ಹಾಗೆ ಕಣ್ರೇ, ದಿಢೀರ್ ಅಂತ ಬಿಟ್ರೆ ಎಗರಿಬಿಡುತ್ತೆ" ಎಂದು ಎಷ್ಟು ಜನ ಹೆದರುಪುಕ್ಕಲಿಯರನ್ನು ನಗಿಸಿ ನಗಿಸಿ ರಸ್ತೆಗೆ ಇಳಿಸಿದವರು, ಈಗ ಒಂದು ಬಾಗಿಲ ಚಿಲಕವನ್ನು ನಂಬದೆ ನಿಂತಿದ್ದೀರಿ. ಅದನ್ನು ಕೇಳಿದ ಮೇಲೆಯೇ ನಾನು ಗ್ಯಾರೇಜಿಗೆ ಹೋದದ್ದು.

ನೀವು ಬಾಯಿಬಡುಕ ಎನ್ನುವ ಆ ಮೆಕ್ಯಾನಿಕ್ಕಿಗೆ ಮಾತು ಕಮ್ಮಿಯಾಗಿಲ್ಲ. ಸ್ಪ್ಯಾನರ್ ಒಂದು ಸುತ್ತು ತಿರುಗಿದರೆ ನಾಲಿಗೆ ಹತ್ತು ಸುತ್ತು. "ಅಕ್ಕಾ, ಹಳೇದು ಬೆಲ್ಟಿನ ಫ್ಯಾನು. ಇಂಜಿನ್ ಓಡಿದ್ರೆ ಅದೂ ಓಡುತ್ತೆ, ಇಂಜಿನ್ ನಿಧಾನ ಆದ್ರೆ ಅದೂ ಸೋಂಬೇರಿ. ಸಿಗ್ನಲ್ಲಲ್ಲಿ ಗಾಳಿ ಬೇಕಾದಾಗ್ಲೇ ಅದು ಆಕಳಿಸ್ತಾ ಇರುತ್ತೆ" ಎಂದು ಪಾಠ ಮಾಡಿದ. ಮುಂದಿನ ಜಾಲರಿ ಬಿಚ್ಚಿದ, ಹಳೇ ತಾಮ್ರದ ರೇಡಿಯೇಟರ್ ಎತ್ತಿ ಪಕ್ಕಕ್ಕಿಟ್ಟ, ದಪ್ಪನೆಯ ಅಲ್ಯೂಮಿನಿಯಂ ರೇಡಿಯೇಟರನ್ನು ಕೂರಿಸಿದ, ಅದರ ಬೆನ್ನಿಗೆ ಫ್ಯಾನು ಕಟ್ಟಿದ. ಈ ಫ್ಯಾನು ಇಂಜಿನ್ನಿನ ಮರ್ಜಿ ಕಾಯುವುದಿಲ್ಲ, ಅತ್ತೆ. ನೀರು ಬಿಸಿಯಾದೊಡನೆ ತಾನೇ ಶುರುವಾಗುತ್ತದೆ, ಇಂಜಿನ್ ನಿಂತ ಮೇಲೂ ನೀರು ತಣಿಯುವ ತನಕ ತಿರುಗುತ್ತದೆ. ಎಲ್ಲರೂ ಮಲಗಿದ ಮೇಲೂ ತಿರುಗುತ್ತಲೇ ಇರುವ ನನ್ನ ತಲೆಯ ಹಾಗೆ.

ಇಲ್ಲೊಂದು ವಿಷಯ ನಿಮಗೆ ಹೇಳಲೇಬೇಕು, ನೀವಾಗಿದ್ದರೆ ಖಂಡಿತ ಬೆನ್ನು ತಟ್ಟುತ್ತಿದ್ದಿರಿ. ಎಲ್ಲ ಜೋಡಿಸಿ ಫ್ಯಾನು ಹಾಕಿದ. ಗುಂಯ್ ಎಂದು ಜೋರಾಗಿಯೇ ತಿರುಗಿತು. "ಕೇಳಿ ಅಕ್ಕಾ, ವಿಮಾನ!" ಎಂದು ಕೈ ಒರೆಸಿಕೊಂಡ. ನಾನು ಕಾರಿನ ಮುಂದೆ ನಿಂತಿದ್ದೆ. ಬೆಚ್ಚಗಿನ ಗಾಳಿ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಫ್ಯಾನು ಇರುವುದು ರೇಡಿಯೇಟರಿನ ಹಿಂದೆ, ಹಾಗಿದ್ದಮೇಲೆ ಅದು ಮುಂದಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಬೇಕಲ್ಲವೇ, ನನ್ನ ಕಡೆಗೆ ಊದುತ್ತಿದೆ ಏಕೆ ಎಂದು ಕೇಳಿದೆ. "ಹೊಸ ಫ್ಯಾನಲ್ವಾ, ಸೆಟ್ ಆಗುತ್ತೆ ಬಿಡಿ" ಎಂದ. ಬಿಡಲಿಲ್ಲ ನಾನು. ಹೆಗಲ ಮೇಲಿದ್ದ ಮಗುವಿನ ಜೊಲ್ಲುಬಟ್ಟೆ ತೆಗೆದು ರೇಡಿಯೇಟರಿನ ಮುಂದೆ ಹಿಡಿದೆ. ಅದು ಪಟಪಟ ಎಂದು ನನ್ನ ಕಡೆಗೇ ಹಾರಿತು. ಅವನು ನೋಡಿದ, ತಲೆ ಕೆರೆದುಕೊಂಡ. "ಗ್ಯಾರೇಜು ನಂದು, ಆದ್ರೆ ಮೆಕ್ಯಾನಿಕ್ ನೀವೇ ಬಿಡಿ ಅಕ್ಕಾ" ಎಂದು ಹೇಳಿ, ಫ್ಯಾನಿನ ಎರಡು ವೈರುಗಳನ್ನು ಬಿಚ್ಚಿ ಅದಲು ಬದಲು ಮಾಡಿದ. ಮತ್ತೆ ಹಾಕಿದಾಗ ಜೊಲ್ಲುಬಟ್ಟೆ ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಪಟ್ಟೆಂದು ರೇಡಿಯೇಟರಿಗೆ ಅಂಟಿತು. "ಈಗ ಸರಿ ಹೋಯ್ತು, ಆದ್ರೆ ಹೀಗೆ ಬಟ್ಟೆ ಅಂಟಿದ್ರೆ ಯಾವ ಫ್ಯಾನಿದ್ರೂ ಅಷ್ಟೇ, ಉಸಿರು ಕಟ್ಟಿ ಕುದ್ದುಬಿಡುತ್ತೆ" ಎಂದು ಅವನು ನಕ್ಕ. ನಾನು ಬಟ್ಟೆಯನ್ನು ಬಿಡಿಸಿಕೊಂಡು ಅವನಿಗೆ ಕಾಣದ ಹಾಗೆ ಬ್ಯಾಗಿನ ತಳಕ್ಕೆ ತುರುಕಿದೆ.

ಯಾಕೆ ಎಂದು ಹೇಳುತ್ತೇನೆ. ಮೇಲೆ "ಮುಂದಿನ ಜಾಲರಿ ಬಿಚ್ಚಿದ" ಎಂದು ಮೂರೇ ಪದದಲ್ಲಿ ದಾಟಿಸಿಬಿಟ್ಟೆನಲ್ಲ, ಅಲ್ಲಿ ನಡೆದದ್ದು ಬೇರೆ. ಅವನು ಜಾಲರಿ ಬಿಚ್ಚಿದವನೇ ಗಹಗಹಿಸಿ ನಕ್ಕು ಗ್ಯಾರೇಜಿನವರನ್ನೆಲ್ಲ ಕರೆದ. "ಬನ್ರೋ, ಕಾರಿಗೆ ಸೊಳ್ಳೆ ಪರದೆ ಕಟ್ಟಿದಾರೆ ನೋಡ್ರೋ!" ಜಾಲರಿಯ ಹಿಂದೆ, ರೇಡಿಯೇಟರಿನ ಮುಂದೆ, ಕಿಟಕಿಗೆ ಹಾಕುವ ಕಪ್ಪು ಸೊಳ್ಳೆ ಪರದೆ. ಎರಡು ಮಡಿಕೆ. ಧೂಳು, ಎಲೆ, ಸತ್ತ ಹುಳು ಎಲ್ಲ ತುಂಬಿ ಗೋಣಿಯ ಹಾಗೆ ದಪ್ಪಗಾಗಿತ್ತು. ಅಂಚನ್ನು ಮಡಚಿ, ನಾಲ್ಕೂ ಮೂಲೆಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿತ್ತು. ಅಷ್ಟು ನೀಟಾದ ಕೆಲಸ ಈ ಮನೆಯಲ್ಲಿ ಯಾರದ್ದು ಎಂದು ನಿಮಗೆ ಗೊತ್ತು. ನನ್ನದೇ. ಒಂದು ಸಲ ಕಾಲಿನ ಹತ್ತಿರದ ಗಾಳಿಕಿಂಡಿಯಿಂದ ಕಣಜವೊಂದು ಒಳಗೆ ಬಂದು ಮಗುವಿನ ಮುಖದ ಸುತ್ತ ಹಾರಿತ್ತಲ್ಲ, ನೀವು ಕಿಟಕಿ ಇಳಿಸಿ ಓಡಿಸಿದಿರಿ, ಮರೆತಿರಿ. ನಾನು ಮರೆಯಲಿಲ್ಲ. ಆ ಗಾಳಿ ಮುಂದಿನ ಜಾಲರಿಯಿಂದಲೇ ಬರುವುದು ಎಂದುಕೊಂಡು, ನೀವು ಮಧ್ಯಾಹ್ನ ಮಲಗಿದ್ದಾಗ ಕಿಟಕಿಗೆ ತಂದು ಮಿಕ್ಕಿದ್ದ ಪರದೆಯನ್ನು ಕತ್ತರಿಸಿ ಕಟ್ಟಿಬಿಟ್ಟೆ. ಕಾಲೇಜಿನಲ್ಲಿ ಫಿಸಿಕ್ಸ್ ಓದಿದವಳು ನಾನು. ಕಟ್ಟಿದ ಮೇಲೆ ನೆಮ್ಮದಿಯಾಯಿತು, ನೆಮ್ಮದಿಯಾದ ಮೇಲೆ ಪೂರ್ತಿ ಮರೆತೇಹೋಯಿತು. ಕೆಂಪಿಯ ಮೂಗು ಮುಚ್ಚಿ ಕುದಿಸಿದವಳು ನಾನು, ರಸ್ತೆಯ ಮಧ್ಯೆ ಮಾತು ಕೇಳಿಸಿಕೊಂಡವರು ನೀವು.

ಗ್ಯಾರೇಜಿನಲ್ಲಾದರೂ ಒಪ್ಪಿಕೊಂಡೆನೇ? ಇಲ್ಲ. "ಯಾರಕ್ಕಾ ಇದನ್ನ ಕಟ್ಟಿದ್ದು?" ಎಂದ. ನಾನು ಕತ್ತರಿಸಿ ಬಿದ್ದಿದ್ದ ಪ್ಲಾಸ್ಟಿಕ್ ಪಟ್ಟಿಗಳನ್ನು ಹೆಕ್ಕತೊಡಗಿದೆ. ಅವನೇ "ಪಾಪ, ಟೀಚರ್ರೇ ಇರ್ಬೇಕು, ವಯಸ್ಸಾಯ್ತಲ್ಲ" ಎಂದ. ನಾನು ಅದನ್ನೂ ತಿದ್ದಲಿಲ್ಲ, ಅತ್ತೆ. ಅಷ್ಟೇ ಅಲ್ಲ. ಅವನು ಹಳೇ ರೇಡಿಯೇಟರಿಗೆ ನೀರು ಹಾಯಿಸಿ ನೋಡಿ, ಸೋರಿಕೆ ಇಲ್ಲ, ಕಟ್ಟಿಕೊಂಡೂ ಇಲ್ಲ, ಪರದೆ ತೆಗೆದು ಒಂದು ಸುತ್ತು ಹೋಗಿ ನೋಡೋಣ, ಇದೇ ಸಾಕಾಗಬಹುದು ಎಂದು ನಿಯತ್ತಾಗಿ ಹೇಳಿದ. ನಾನೇ "ಬೇಡ, ಹೊಸದು ಹಾಕಿ" ಎಂದು ಹಟ ಹಿಡಿದೆ. ಹೊಸದು ಬಂದರೆ ಎಲ್ಲರೂ ಹಳೇ ರೇಡಿಯೇಟರೇ ಕೆಟ್ಟಿತ್ತು ಎಂದುಕೊಳ್ಳುತ್ತಾರೆ, ನಿಮ್ಮ ಮೇಲಿನ ಮಾತೂ ಹೋಗುತ್ತದೆ, ನನ್ನ ಪರದೆಯ ಕಥೆಯೂ ಹೂತುಹೋಗುತ್ತದೆ ಎಂದು ಲೆಕ್ಕ ಹಾಕಿದೆ. ನಿಮಗೆ ಉಡುಗೊರೆ ಎಂದು ಎಲ್ಲರಿಗೂ ಹೇಳಿಕೊಂಡೆ. ತಪ್ಪು ಮುಚ್ಚಲು ತಂದದ್ದನ್ನು ಉಡುಗೊರೆ ಎಂದು ಕೊಡಲು ನನಗೆ ನಾಚಿಕೆಯಾಗಬೇಕಿತ್ತು. ಈಗ ಆಗುತ್ತಿದೆ.

ಕೆಲಸ ಮಾತ್ರ ಚೆನ್ನಾಗಿ ಆಗಿದೆ, ಅದನ್ನು ನಂಬಿ. ನಿನ್ನೆ ಮಗುವನ್ನು ಇವರ ಹತ್ತಿರ ಬಿಟ್ಟು ಮೆಕ್ಯಾನಿಕ್ ಜೊತೆ ನಾನೇ ಕೂತು ಹೋಗಿ ಬಂದೆ. ಬೇಕೆಂದೇ ಮಾರುಕಟ್ಟೆಯ ಜಂಗುಳಿಗೆ ನುಗ್ಗಿಸಿದೆ. ಮುಂದೆ ಸಾಮಾನಿನ ಲಾರಿ, ಪಕ್ಕದಲ್ಲಿ ಬಸ್ಸು, ಗಾಡಿ ಅಲ್ಲಾಡದೆ ನಿಂತಿತ್ತು. ನಾನು ಮುಳ್ಳನ್ನೇ ನೋಡುತ್ತಿದ್ದೆ. ಅದು ನಡುವಿನ ಗೆರೆ ದಾಟಿ ಸ್ವಲ್ಪ ಏರಿತು, ಅಷ್ಟರಲ್ಲಿ ಮುಂದೆ ಗುಂಯ್ ಎಂದಿತು, ಮುಳ್ಳು ವಿಧೇಯವಾಗಿ ಕೆಳಕ್ಕೆ ಬಂತು. ಹಳೇ ರೇಡಿಯೇಟರನ್ನು ಬಿಸಾಡಲು ಬಿಡದೆ ಮನೆಗೆ ತಂದಿದ್ದೇನೆ. ಅದರದ್ದೇನೂ ತಪ್ಪಿಲ್ಲ.

ನಿಮ್ಮ ಮಗನಿಗೆ ಪರದೆಯ ವಿಷಯ ನಿನ್ನೆ ಸಂಜೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಹೋಗ್ಲಿ ಬಿಡು, ಗೊತ್ತಿಲ್ದೆ ಮಾಡಿದ್ದಲ್ವಾ. ಆದ್ರೂ ಅಮ್ಮ ನೀರು ನೋಡ್ಕೋಬೇಕಿತ್ತು" ಎಂದರು. ಕುದಿದಾಗ ಇದ್ದ ನೀರೆಲ್ಲ ಉಕ್ಕಿ ಹೊರಗೆ ಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದನ್ನು ನಾನು ಹೇಳಿದೆ. "ಇರಬಹುದು, ಆದ್ರೆ ನೋಡಿದ್ರೋ ಇಲ್ವೋ ಅಂತ ಅಮ್ಮಂಗೇ ನೆನಪಿಲ್ವಲ್ಲ, ಭಯ ಇರೋದು ಅದಕ್ಕೇ. ಗಾಡಿ ಹೋಗೋದೇ ಒಳ್ಳೇದು" ಎಂದು ಟಿವಿ ಕಡೆ ತಿರುಗಿದರು. ಹಾಗಾಗಿ ಮಾರಾಟದ ಕಾಗದವೂ ಇದರ ಜೊತೆಗೆ ಬರುತ್ತಿದೆ.

ಮಾತ್ರೆ ಮರೆಯದೆ ತೆಗೆದುಕೊಳ್ಳಿ ಎಂದು ಬರೆಯಲು ಹೋಗಿ ಪೆನ್ನು ತಡೆದೆ. ನಿಮಗೆ ಆ ಪದ ಬರೆಯಬಾರದು. ನಾದಿನಿಗೂ ಅವಳ ಯಜಮಾನರಿಗೂ ನನ್ನ ನೆನಪು ಹೇಳಿ. ಹಾರ್ನ್ ತನ್ನ ಎರಡು ಹಲ್ಲಿನಿಂದ ಅಜ್ಜಿಗೆ ಮುತ್ತು ಕಳಿಸಿದ್ದಾಳೆ. ಅದರಲ್ಲಿ ಜೊಲ್ಲೇ ಹೆಚ್ಚು, ಒರೆಸಿಕೊಳ್ಳಿ. ನಿಮ್ಮ ಕಾಲಿಗೆ ಎರಗಿ ಕ್ಷಮೆ ಕೇಳುವ,

ನಿಮ್ಮ ಸೊಸೆ

ತಾ.ಕ. ಶುಕ್ರವಾರ ಬೆಳಿಗ್ಗೆ. ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇವರು ಹೊರಗೆ ಶೂ ಹಾಕಿಕೊಳ್ಳುತ್ತಿದ್ದಾರೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ. ಪರದೆಯದನ್ನು ಒಪ್ಪಿಕೊಳ್ಳುವುದು ಸುಲಭವಿತ್ತು, ಅದು ಗೊತ್ತಿಲ್ಲದೆ ಮಾಡಿದ್ದು. ಇದು ಗೊತ್ತಿದ್ದೂ ಮಾಡಿದ್ದು. ಲಸಿಕೆಯ ದಿನ ಬೆಳಿಗ್ಗೆ ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಹಾಲಿನ ಬಾಟಲು ತೊಳೆಯುತ್ತಿದ್ದೆ. ನೀವು ಬಾನೆಟ್ ಎತ್ತಿದಿರಿ. ರೇಡಿಯೇಟರಿನ ಮುಚ್ಚಳ ತಿರುಗಿಸಿ ಬೆರಳು ಅದ್ದಿದಿರಿ. ಸ್ವಲ್ಪ ಕಡಿಮೆ ಇತ್ತೇನೋ, ಕ್ಯಾನು ತಂದು ಅಂಚಿನವರೆಗೆ ತುಂಬಿದಿರಿ, ಚೆಲ್ಲಿದ್ದನ್ನು ಹಳದಿ ಬಟ್ಟೆಯಿಂದ ಒರೆಸಿ, ಮುಚ್ಚಳ ಬಿಗಿದು, ಬಿಗಿಯಾಯಿತೇ ಎಂದು ಇನ್ನೊಮ್ಮೆ ತಿರುಗಿಸಿ ನೋಡಿದಿರಿ. ಆಮೇಲೆ ತಲೆ ಎತ್ತಿ ಕಿಟಕಿಯಲ್ಲಿದ್ದ ಮಗುವಿಗೆ ಕೈ ಬೀಸಿದಿರಿ. ಎಲ್ಲ ನೋಡಿದ್ದೇನೆ. ರಸ್ತೆಯಲ್ಲಿ ನೀವು ಕೇಳಿದಾಗ ನನ್ನ ಕಣ್ಣ ಮುಂದೆ ಇದೇ ಇತ್ತು. ಆದರೆ ಆಗಲೇ ಅಷ್ಟು ಜನರ ಮುಂದೆ ಕಿರುಚಿಬಿಟ್ಟಿದ್ದೆ, ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೆ ಬರಲಿಲ್ಲ, ನಾದಿನಿ ಫೋನಿನಲ್ಲಿ ಅತ್ತಾಗಲೂ ಬರಲಿಲ್ಲ. ಇವರಿಗೆ ಇದಿನ್ನೂ ಹೇಳಿಲ್ಲ. ನೀವು ಇದನ್ನು ಓದುವಾಗ ಅಲ್ಲೇ ಎದುರಿಗೆ ಕೂತಿರುತ್ತಾರೆ, ಮಗ ಮಗಳು ಇಬ್ಬರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ. ಅವರು ನನ್ನನ್ನು ಏನೆಂದುಕೊಳ್ಳುತ್ತಾರೋ ಅಂದುಕೊಳ್ಳಲಿ. ಯಾವ ಡಾಕ್ಟರ ಹತ್ತಿರವೂ ಹೋಗಬೇಡಿ, ಮರೆವಿನವರ ಹತ್ತಿರವೂ, ಹಲ್ಲಿನವರ ಹತ್ತಿರವೂ. ನೀವು ಏನನ್ನೂ ಮರೆತಿರಲಿಲ್ಲ. ಬಂದು ಬೈಯಿರಿ, ಅತ್ತೆ. ಫೋನಿನಲ್ಲಿ ಬೇಡ.